ಕೆಸರೆಯಲ್ಲಿ ಯಾಕೆ ಮನೆ ಮಾಡಿದಿರಿ?

ಭಾನುವಾರದ ಪತ್ರಿಕೆ ಬಿಡಿಸಿದರೆ ಪುಟದ ತುಂಬ ಬಡಾವಣೆಗಳು. ನಿಮ್ಮ ಸಂಸಾರಕ್ಕೆ ಒಪ್ಪುವ ಜಾಗ ಆರಿಸಿಕೊಳ್ಳಿ ಅನ್ನುತ್ತಾರೆ. ಶಾಲೆ ಹತ್ತಿರ, ಆಸ್ಪತ್ರೆ ಹತ್ತಿರ, ಪಾರ್ಕು, ಕಾವೇರಿ ನೀರು, ಪ್ರಶಾಂತ ಪರಿಸರ. ಅದರ ಕೆಳಗೆ ಬಾಡಿಗೆ ಮನೆಗಳ ಕಾಲಮ್ಮಿನಲ್ಲಿ ಸಣ್ಣಕ್ಷರ: ಸಸ್ಯಾಹಾರಿಗಳಿಗೆ ಮಾತ್ರ.

ಜಾಗ ಆರಿಸಿಕೊಳ್ಳೋದು ಅನ್ನುವ ಮಾತೇ ನಮ್ಮ ಜನರ ಬಾಯಿಗೆ ಹೊಸದು. ಹಳ್ಳಿಯಲ್ಲಿ ಕೇರಿಯನ್ನು ಯಾರೂ ಆರಿಸಿಕೊಂಡವರಲ್ಲ. ಊರು ಎಲ್ಲಿ ಮುಗಿಯುತ್ತದೋ, ಊರಿನ ಬಚ್ಚಲ ನೀರು ಎಲ್ಲಿ ಹೋಗಿ ನಿಲ್ಲುತ್ತದೋ ಅಲ್ಲಿ ಕೇರಿ. ಹುಟ್ಟುವ ಜಾಗ, ಹೂಳುವ ಜಾಗ ಎರಡನ್ನೂ ಬೇರೆಯವರು ಮೊದಲೇ ಗೆರೆ ಎಳೆದು ಇಟ್ಟಿದ್ದರು. ಹೀಗಿರುವಾಗ ಒಂದು ಹೊಲೆಯರ ಸಂಸಾರವೋ ಮಾದಿಗರ ಸಂಸಾರವೋ ಗಂಟುಮೂಟೆ ಕಟ್ಟಿಕೊಂಡು ಮೈಸೂರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ‘ಯಾವ ಕಡೀಕೆ ಹೋಗಾಣ?’ ಅಂತ ಒಬ್ಬರ ಮುಖ ಒಬ್ಬರು ನೋಡಿಕೊಂಡ ದಿನವಿದೆಯಲ್ಲ, ಅದು ನಮ್ಮ ಚರಿತ್ರೆಯಲ್ಲಿ ಸಣ್ಣ ದಿನವಲ್ಲ. ಅರಮನೆಯ ದೀಪಗಳನ್ನು ಎಣಿಸುತ್ತ ಕೂತ ನಮ್ಮ ಇತಿಹಾಸದ ಪಂಡಿತರಿಗೆ ಅದನ್ನು ಬರೆಯಲು ಪುರುಸೊತ್ತಿಲ್ಲ. ಅದಕ್ಕೇ ನಾವು ಬರೆಯುತ್ತಿದ್ದೇವೆ.

ಬಡಾವಣೆ ಅನ್ನೋದು ನಮ್ಮ ನಾಡಿನಲ್ಲಿ ಬೆಳೆದದ್ದು ಭಯದಿಂದ. 1896ರಲ್ಲಿ ಬೊಂಬಾಯಿಗೆ ಪ್ಲೇಗು ಬಂತು. 1898ರಲ್ಲಿ ಅಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಅದೇ ವರ್ಷ ಪ್ಲೇಗು ಬೆಂಗಳೂರಿಗೂ ಬಂತು, ಮೈಸೂರಿಗೂ ಬಂತು. ಇಕ್ಕಟ್ಟಾದ ಪೇಟೆಯಿಂದ ಹೊರಗೆ, ಗಾಳಿ ಬೆಳಕಿನ ಕಡೆಗೆ ಜನರನ್ನು ಸಾಗಿಸಬೇಕು ಅಂತ ಸರ್ಕಾರಕ್ಕೆ ಆಗ ಹೊಳೆಯಿತು. ಬೆಂಗಳೂರಿನಲ್ಲಿ ಮಲ್ಲೇಶ್ವರ, ಬಸವನಗುಡಿ ಎದ್ದವು. ಮೈಸೂರಿನಲ್ಲಿ 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಆಯಿತು. ದೇಶಕ್ಕೇ ಮೊದಲು ನಮ್ಮದು ಅಂತ ಮೈಸೂರಿನವರು ಎದೆ ತಟ್ಟಿಕೊಳ್ಳುತ್ತಾರೆ. ಬೊಂಬಾಯಿಯದು ಐದು ವರ್ಷ ಮುಂಚೆಯೇ ಆಗಿತ್ತು, ಇರಲಿ.

ರೋಗಕ್ಕೆ ಜಾತಿ ಇಲ್ಲ ಅನ್ನುತ್ತಾರೆ. ರೋಗದ ಮದ್ದಿಗೆ ಇತ್ತು. ಬೆಂಗಳೂರಿನ ಆ ಹೊಸ ಬಡಾವಣೆಗಳಲ್ಲಿ ಬ್ಲಾಕುಗಳನ್ನು ಜಾತಿವಾರು, ಮತವಾರು ವಿಂಗಡಿಸಿದರು. ಹಳೇ ಪೇಟೆಯಲ್ಲಿ ಒಂದೊಂದು ಕಸುಬಿಗೆ ಒಂದೊಂದು ಬೀದಿ ಇದ್ದದ್ದು ಹೋಗಿ ಹೊಸ ಊರಿನಲ್ಲಿ ಒಂದೊಂದು ಜಾತಿಗೆ ಒಂದೊಂದು ಬ್ಲಾಕು ಬಂತು. ನಕ್ಷೆ ಎಳೆದವನ ಕೈಯಲ್ಲಿ ಇದ್ದದ್ದು ಇಂಗ್ಲಿಷ್ ಸ್ಕೇಲು, ತಲೆಯಲ್ಲಿ ಇದ್ದದ್ದು ಮನುವಿನ ಸ್ಕೇಲು. ಮೈಸೂರಿನಲ್ಲಿ ಚಾಮರಾಜಪುರ, ಲಕ್ಷ್ಮೀಪುರ, ಕೃಷ್ಣಮೂರ್ತಿಪುರ, ಒಂಟಿಕೊಪ್ಪಲು, ಆಮೇಲೆ ಜಯಲಕ್ಷ್ಮೀಪುರ, ಯಾದವಗಿರಿ, ಸರಸ್ವತೀಪುರ ಹೀಗೆ ಊರು ಬೆಳೆಯಿತು. ಸರ್ಕಾರಿ ನೌಕರಿಯಲ್ಲಿದ್ದವರು, ವಕೀಲರು, ಮೇಷ್ಟ್ರುಗಳು ಅಲ್ಲಿಗೆ ಹೋದರು. ಆ ನೌಕರಿಗಳಲ್ಲಿ ಆಗ ಯಾವ ಜಾತಿ ಕೂತಿತ್ತು ಅನ್ನೋದನ್ನು ಹೇಳಬೇಕಾಗಿಲ್ಲ. ಆ ಬಡಾವಣೆಗಳ ಚರಂಡಿ ಬಳಿಯಲು ಬೆಳಿಗ್ಗೆ ಬಂದು ಸಂಜೆ ಹೋಗುತ್ತಿದ್ದವರು ಯಾವ ಜಾತಿ ಅನ್ನೋದನ್ನೂ ಹೇಳಬೇಕಾಗಿಲ್ಲ.

ನಮ್ಮವರದು ಅಶೋಕಪುರ. ಮೊದಲು ಅದಕ್ಕೆ ಆದಿಕರ್ನಾಟಕಪುರ ಅಂತ ಹೆಸರು. ಹೆಸರಲ್ಲೇ ಜಾತಿಯ ಮುದ್ರೆ. ಕಾಗದಕ್ಕೆ ವಿಳಾಸ ಬರೆದರೆ ಸಾಕು, ಅಂಚೆಯವನಿಗೂ ಗೊತ್ತು, ಕೆಲಸ ಕೊಡುವವನಿಗೂ ಗೊತ್ತು. ಜನರೇ ಆ ಮುದ್ರೆ ಅಳಿಸಿ ಬೌದ್ಧ ಚಕ್ರವರ್ತಿಯ ಹೆಸರನ್ನು ಒಪ್ಪಿಕೊಂಡರು. ಪಕ್ಕದ ರೈಲ್ವೆ ವರ್ಕ್‌ಶಾಪಿನ ಸಂಬಳ ಆ ಕೇರಿಯಲ್ಲಿ ಎಷ್ಟೋ ಮಕ್ಕಳನ್ನು ಓದಿಸಿತು. ಚಳವಳಿಯ ಹುಡುಗರು ಅಲ್ಲಿಂದ ಎದ್ದು ಬಂದರು. ಒಗ್ಗಟ್ಟಾಗಿ ಒಂದೆಡೆ ಇದ್ದರೆ ಏನಾಗುತ್ತದೆ ಅನ್ನೋದಕ್ಕೆ ಅಶೋಕಪುರ ಸಾಕ್ಷಿ. ಆದರೆ ಊರು ತುಂಬಿತು. ಆಮೇಲೆ ಬಂದ ಸಂಸಾರಗಳು ನಂಜನಗೂಡು, ತಿರುಮಕೂಡಲು ನರಸೀಪುರ, ಚಾಮರಾಜನಗರದ ಕಡೆಯಿಂದ ಬಂದವರು, ಎಲ್ಲಿ ಹೋಗಬೇಕು?

ಹೀಗೆ ಬಂದದ್ದು ಕೆಸರೆ.

ಕೆಸರೆ ಮೈಸೂರಿನ ಈಶಾನ್ಯದ ಸೆರಗು. ನರಸಿಂಹರಾಜ ಮೊಹಲ್ಲಾ ದಾಟಿ, ಗಾಂಧಿನಗರ, ರಾಜೇಂದ್ರನಗರ ಹಾದು ಹೋದರೆ ಸಿಗುತ್ತದೆ. ಮೊನ್ನೆ ಮೊನ್ನೆಯವರೆಗೂ ಹಳ್ಳಿ. ಕಂದಾಯದ ಕಾಗದದಲ್ಲಿ ಇವತ್ತೂ ಕಸಬಾ ಹೋಬಳಿ ಕೆಸರೆ ಗ್ರಾಮ. ಮೊದಲನೇ ಹಂತ, ಎರಡನೇ ಹಂತ, ಮೂರನೇ ಹಂತ ಅಂತ ಊರು ಅದರ ಮೇಲೆ ಹತ್ತಿ ಕೂತಿತು. ಮುಸ್ಲಿಮರು, ದಲಿತರು, ಹಳ್ಳಿಯ ಹಳೇ ಒಕ್ಕಲು, ಕೂಲಿಯವರು, ಆಟೋದವರು, ಬೀಡಿ ಕಟ್ಟುವ ಹೆಂಗಸರು ಒತ್ತೊತ್ತಾಗಿ ಇದ್ದಾರೆ. ಮೈಸೂರಿನ ನೆಲಕ್ಕೆ ಇಳಿಜಾರುಗಳಿವೆ, ಊರಿನ ಕೊಳಚೆ ಆ ಇಳಿಜಾರು ನೋಡಿಕೊಂಡು ಹರಿಯುತ್ತದೆ. ಅದನ್ನು ಶುದ್ಧ ಮಾಡಲು ಮೂರು ಕಡೆ ಘಟಕಗಳಿವೆ: ವಿದ್ಯಾರಣ್ಯಪುರ, ರಾಯನಕೆರೆ, ಕೆಸರೆ. ಕೆಸರೆಯ ಘಟಕದ ಅಳತೆ ದಿನಕ್ಕೆ 3 ಕೋಟಿ ಲೀಟರು. ಯಾದವಗಿರಿಯಲ್ಲಿ ಯಾಕಿಲ್ಲ ಅಂತ ಕೇಳಿದರೆ ಎಂಜಿನಿಯರು ನಗುತ್ತಾನೆ. ಅದು ಎತ್ತರ ಕಣ್ರೀ, ನೀರು ಮೇಲಕ್ಕೆ ಹರಿಯುತ್ತಾ ಅನ್ನುತ್ತಾನೆ. ಸರಿಯಾದ ಮಾತೇ. ಎತ್ತರದ ಸೈಟು ಯಾರಿಗೆ, ತಗ್ಗಿನ ಸೈಟು ಯಾರಿಗೆ ಅಂತ ಹಂಚಿದ್ದು ಮಾತ್ರ ಭೂಗೋಳವಲ್ಲ.

ಈ ಕೆಸರೆಯ ಹೆಸರು 2024ರಲ್ಲಿ ಇದ್ದಕ್ಕಿದ್ದ ಹಾಗೆ ದೆಹಲಿಯ ಟೀವಿಗಳಲ್ಲೂ ಬಂತು. ಸರ್ವೆ ನಂಬರ್ 464, 3 ಎಕರೆ 16 ಗುಂಟೆ. ಹಳೇ ದಾಖಲೆಯಲ್ಲಿ ಒಬ್ಬ ದಲಿತ ರೈತನ ಹೆಸರಿದ್ದ ಜಮೀನು. ಅದನ್ನು ಬಡಾವಣೆಗೆ ಅಂತ ಗುರುತು ಮಾಡಿದರು, 1998ರಲ್ಲಿ ಕೈಬಿಟ್ಟರು, ಆದರೂ ಆ ನೆಲದ ಮೇಲೆ ದೇವನೂರು ಬಡಾವಣೆಯ ಸೈಟುಗಳು ಎದ್ದವು. ಅಷ್ಟರಲ್ಲಿ ಜಮೀನು ಕೈ ಬದಲಾಗಿತ್ತು. ಕಡೆಗೆ 2021ರಲ್ಲಿ ಅಂದಿನ ಮುಡಾ ಅದಕ್ಕೆ ಬದಲಾಗಿ ವಿಜಯನಗರದಲ್ಲಿ 14 ಸೈಟು ಕೊಟ್ಟಿತು. ಪಡೆದವರು 2024ರಲ್ಲಿ ಮುಖ್ಯಮಂತ್ರಿಯಾಗಿದ್ದವರ ಮನೆಯವರು. ಗದ್ದಲವಾದ ಮೇಲೆ ಅದೇ ವರ್ಷ ಹಿಂದಿರುಗಿಸಿದರು. ಅದರ ನ್ಯಾಯ ಅನ್ಯಾಯ ತನಿಖೆಯವರಿಗೂ ಕೋರ್ಟಿಗೂ ಸೇರಿದ್ದು. ನಮ್ಮ ಗಮನಕ್ಕೆ ಬಂದದ್ದು ಬೇರೆ. ಕೆಸರೆಯ ಒಂದು ಅಡಿಗೂ ವಿಜಯನಗರದ ಒಂದು ಅಡಿಗೂ ಬೆಲೆ ಎಷ್ಟು ವ್ಯತ್ಯಾಸ ಅಂತ ಇಡೀ ರಾಜ್ಯವೇ ತಿಂಗಳುಗಟ್ಟಲೆ ಲೆಕ್ಕ ಹಾಕಿತು. ಆ ವ್ಯತ್ಯಾಸ ಹೇಗೆ ಹುಟ್ಟಿತು ಅಂತ ಮಾತ್ರ ಚರ್ಚೆಯಾದದ್ದು ಕಡಮೆ. ಎರಡೂ ಮಣ್ಣೇ ತಾನೆ? ಒಂದು ಮಣ್ಣಿನ ಮೇಲೆ ಅಗಲ ರಸ್ತೆ, ಇನ್ನೊಂದರ ಕಡೆಗೆ ಕೊಳಚೆ. ಒಂದರ ಮೇಲೆ ಇಂಥವರು ಇದ್ದಾರೆ ಅನ್ನುವ ಪ್ರತಿಷ್ಠೆ, ಇನ್ನೊಂದರ ಮೇಲೆ ‘ಅಲ್ಲಿ ಅವರೆಲ್ಲ ಇದ್ದಾರೆ’ ಅನ್ನುವ ಪಿಸುಮಾತು.

ಇಷ್ಟೆಲ್ಲ ಗೊತ್ತಿದ್ದೂ ನಮ್ಮ ಸಂಸಾರಗಳು ಕೆಸರೆಯನ್ನು ಯಾಕೆ ಆರಿಸಿಕೊಂಡವು? ಬಡತನ ಅನ್ನೋದು ಸುಲಭದ ಉತ್ತರ, ಅರ್ಧ ಸತ್ಯ. ಓದಿದ ನಾವು ನಮ್ಮ ಅವ್ವಂದಿರನ್ನು ಕೇಳದೆ ಈ ಉತ್ತರ ಬರೆದುಕೊಳ್ಳುತ್ತೇವೆ. ಕೇಳಿದರೆ ಅವರ ಹತ್ತಿರ ಒಂದು ಪಟ್ಟಿಯೇ ಇದೆ. ಬೆಳಗಿನ ಜಾವ ಕೆಲಸಕ್ಕೆ ಹೋಗಲು ನಡೆದುಕೊಂಡು ಹೋಗುವಷ್ಟು ದೂರದಲ್ಲಿ ಪೇಟೆ ಇರಬೇಕು. ಊದುಬತ್ತಿ ಹೊಸೆದು ಒಣಹಾಕಲು ಮುಂದೊಂದು ಜಗಲಿ ಬೇಕು. ಸಂಬಳ ಬರುವವರೆಗೆ ಅಕ್ಕಿ ಸಾಲ ಕೊಡುವ ಅಂಗಡಿ ಬೇಕು. ಊರಿಂದ ಜ್ವರ ಬಂದ ನೆಂಟರು ದೊಡ್ಡಾಸ್ಪತ್ರೆಗೆ ಅಂತ ಬಂದರೆ ಹತ್ತು ದಿನ ಇಟ್ಟುಕೊಂಡರೂ ಓನರು ಎಣಿಸಬಾರದು. ಸಾರು ಕುದಿಯುವ ವಾಸನೆಗೆ ಕಿಟಕಿ ಮುಚ್ಚಿಕೊಳ್ಳುವ ಗತಿ ಬರಬಾರದು. ಸತ್ತರೆ ಹೊರೋಕೆ ನಾಲ್ಕು ಜನ ಬೇಕು. ‘ಅಲ್ಲೆಲ್ಲೋ ದೊಡ್ಡ ಬೀದೀಲಿ ಸತ್ರೆ ನಾಯೂ ಬರದಿಲ್ಲ ಕನ’ ಅಂದಳು ಒಬ್ಬ ಅವ್ವ. ಯಾವ ನಗರ ಯೋಜನೆಯ ಪುಸ್ತಕದಲ್ಲೂ ನಾವು ಹೆಣದ ಲೆಕ್ಕ ನೋಡಿಲ್ಲ. ಆದರೆ ಇದು ಪಕ್ಕಾ ಯೋಜನೆ. ಇದನ್ನು ಅಜ್ಞಾನ ಅಂತ ಕರೆಯುವ ಸಮಾಜಶಾಸ್ತ್ರ ನಮಗೆ ಬೇಡ.

ಕಷ್ಟ ಶುರುವಾಗೋದು ಓದಿದ ಮಗ, ಓದಿದ ಮಗಳ ಪಟ್ಟಿ ಬೇರೆಯಾದಾಗ. ಅವರಿಗೆ ಬಾಗಿಲು ಹಾಕಿಕೊಂಡು ಓದಲು ಒಂದು ಕೋಣೆ ಬೇಕು. ಮಾನಸಗಂಗೋತ್ರಿ ಊರಿನ ಪಡುವಣ ತುದಿ, ಕೆಸರೆ ಮೂಡಣ ತುದಿ. ಎರಡು ಬಸ್ಸು ಬದಲಾಯಿಸಿ ಲೈಬ್ರರಿಗೆ ಹೋಗಿ ಬರುವಷ್ಟರಲ್ಲಿ ಹೊತ್ತು ಮುಳುಗುತ್ತದೆ. ಹೆಣ್ಣುಮಕ್ಕಳಿಗೆ ರಾತ್ರಿಯ ಬೀದಿ ದೀಪದ ಲೆಕ್ಕವೂ ಸೇರುತ್ತದೆ.

ಹಾಗಾಗಿ ನಾವು ನಾಲ್ಕು ಜನ ಎಂ.ಎ. ಓದುವಾಗ ಆ ಕಡೆ ರೂಮು ಹುಡುಕಿದೆವು. ದೊಡ್ಡ ಕವಿಯೊಬ್ಬರ ಹೆಸರು ಹೊತ್ತ ಬಡಾವಣೆಯಲ್ಲೂ ಹುಡುಕಿದೆವು. ಯಾರೂ ನಿಮ್ಮ ಜಾತಿ ಯಾವುದು ಅಂತ ಕೇಳಲಿಲ್ಲ, ಅಷ್ಟು ಸಭ್ಯರು. ಯಾವ ಊರು ಅಂದರು. ಊರಲ್ಲಿ ಯಾವ ಬೀದಿ ಅಂದರು. ತಂದೆಯ ಪೂರ್ತಿ ಹೆಸರು ಕೇಳಿದರು. ಮನೆದೇವರು ಯಾವುದು ಅಂದರು. ಚಿಕ್ಕಲ್ಲೂರು ಸಿದ್ದಪ್ಪಾಜಿ ಅಂದೆವು. ಒಳಗೆ ಹೋಗಿ ಬಂದು, ನಮ್ಮ ತಾಯಿಯವರು ಸ್ವಲ್ಪ ಮಡಿ, ತಪ್ಪು ತಿಳೀಬೇಡಿ ಅಂದರು. ಕಾಫಿ ಮಾತ್ರ ಕೊಟ್ಟರು, ಪ್ಲಾಸ್ಟಿಕ್ ಲೋಟದಲ್ಲಿ.

ಇದು ಕಾನೂನಿಗೆ ಗೊತ್ತಿಲ್ಲದ ಸಂಗತಿಯಲ್ಲ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ, 1976ರಲ್ಲಿ ನಾಗರಿಕ ಹಕ್ಕುಗಳ ರಕ್ಷಣಾ ಕಾಯಿದೆ ಅಂತ ಹೆಸರು ಬದಲಾದದ್ದು, ಯಾವುದೇ ಬಡಾವಣೆಯಲ್ಲಿ ಮನೆ ಕಟ್ಟುವುದಕ್ಕೆ, ಕೊಳ್ಳುವುದಕ್ಕೆ, ವಾಸ ಮಾಡುವುದಕ್ಕೆ ಅಸ್ಪೃಶ್ಯತೆಯ ನೆಪದಲ್ಲಿ ಅಡ್ಡಿ ಮಾಡುವುದನ್ನು ಅಪರಾಧ ಅಂತ ಸ್ಪಷ್ಟವಾಗಿ ಹೇಳುತ್ತದೆ. ಮಡಿಯ ಮೇಲೆ, ಬದನೆಕಾಯಿ ಸಾಂಬಾರಿನ ಮೇಲೆ ಕೇಸು ಹಾಕೋದು ಹೇಗೆ? ಸಂಶೋಧಕರು 2018ರಲ್ಲಿ ದೊಡ್ಡ ಊರುಗಳ ಜನಗಣತಿಯನ್ನು ಬೀದಿ ಬೀದಿಯ ಮಟ್ಟಕ್ಕೆ ಇಳಿಸಿ ನೋಡಿದರು. ವಾರ್ಡಿನ ಲೆಕ್ಕದಲ್ಲಿ ಎಲ್ಲ ಜಾತಿಯೂ ಕಲೆತಂತೆ ಕಾಣುತ್ತದೆ, ಬೀದಿಯ ಲೆಕ್ಕಕ್ಕೆ ಬಂದರೆ ಬೇರೆ ಬೇರೆಯೇ ಇವೆ ಅಂತ ತೋರಿಸಿದರು. ಹಳ್ಳಿಯ ಗೆರೆ ಬಸ್ಸು ಹತ್ತಿ ಊರಿಗೆ ಬಂದಿದೆ ಅಂತಾಯಿತು.

ನಮ್ಮವರಲ್ಲೇ ಕೆಲವರು ಗೆರೆ ದಾಟಿದ್ದಾರೆ. ಬ್ಯಾಂಕಿನಲ್ಲಿ, ಕಾಲೇಜಿನಲ್ಲಿ ಕೆಲಸ ಸಿಕ್ಕಿ ವಿಜಯನಗರಕ್ಕೆ ಹೋದವರು ಇದ್ದಾರೆ. ಅವರಲ್ಲಿ ಒಂದಿಬ್ಬರ ಮನೆಯಲ್ಲಿ ಬಾಬಾಸಾಹೇಬರ ಫೋಟೋ ಹಾಲಿನಿಂದ ಮಲಗುವ ಕೋಣೆಗೆ ಹೋಗಿದೆ. ಊರಿಂದ ಅಪ್ಪ ಬಂದರೆ ಹಿಂದಿನ ಬಾಗಿಲು. ಅವರನ್ನು ಬೈದು ಕವನ ಬರೆಯೋದು ಸುಲಭ, ನಾವೂ ಬರೆದಿದ್ದೇವೆ. ಆದರೆ ಬೈಯುವ ಮುಂಚೆ ಬಾಬಾಸಾಹೇಬರ ಮನೆಗಳ ಕತೆಯನ್ನೇ ಸ್ವಲ್ಪ ನೋಡೋಣ, ಗೆಳೆಯರೆ.

1917. ಅಮೆರಿಕ, ಇಂಗ್ಲೆಂಡುಗಳಲ್ಲಿ ಓದಿ ಬಂದ ಅಂಬೇಡ್ಕರ್ ಬರೋಡಕ್ಕೆ ಕೆಲಸಕ್ಕೆ ಹೋಗುತ್ತಾರೆ. ಓದಿಸಿದ ದೊರೆ ಸಯ್ಯಾಜಿರಾವ್. ನಮ್ಮ ಮೈಸೂರಿನ ಸಯ್ಯಾಜಿರಾವ್ ರಸ್ತೆ ಅವರ ಹೆಸರಿನದೇ. ದೊರೆಯ ರಾಜಧಾನಿಯಲ್ಲಿ ಅವರಿಗೆ ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ಹೆಸರು ಹೇಳಿಕೊಂಡು ಪಾರ್ಸಿಗಳ ಛತ್ರದಲ್ಲಿ ಉಳಿದರು. ಹನ್ನೊಂದನೇ ದಿನ ದೊಣ್ಣೆ ಹಿಡಿದ ಗುಂಪು ಬಂದು ನೀನು ಯಾರು ಅಂತ ಕೇಳಿತು. ಇಬ್ಬರು ಸ್ನೇಹಿತರು, ಒಬ್ಬ ಹಿಂದೂ, ಒಬ್ಬ ಕ್ರೈಸ್ತ, ಮನೆಗೆ ಸೇರಿಸಲಿಲ್ಲ. ಉದ್ಯಾನದಲ್ಲಿ ಕೂತು ಹೊತ್ತು ಕಳೆದು ರಾತ್ರಿ ರೈಲಿಗೆ ಬೊಂಬಾಯಿಗೆ ಹೊರಟರು.

ಬೊಂಬಾಯಿಯಲ್ಲಿ ಅವರು ಎಷ್ಟೋ ವರ್ಷ ಇದ್ದದ್ದು ಪರೇಲಿನ ಚಾಳಿನಲ್ಲಿ, ಎರಡು ಕೋಣೆಗಳಲ್ಲಿ. ಆ ಚಾಳು ಪ್ಲೇಗಿನಿಂದ ಹುಟ್ಟಿದ ಅದೇ ಇಂಪ್ರೂವ್‌ಮೆಂಟ್ ಟ್ರಸ್ಟಿನದು. ಸುತ್ತ ಗಿರಣಿ ಕೂಲಿಗಳು, ತಮ್ಮ ಜನ. ಅಲ್ಲಿಂದ 1930ರ ದಶಕದಲ್ಲಿ ದಾದರಿನ ಹಿಂದೂ ಕಾಲೊನಿಗೆ ಹೋಗಿ ‘ರಾಜಗೃಹ’ ಕಟ್ಟಿಸಿದರು. ಆ ಕಾಲೊನಿಯೂ ಟ್ರಸ್ಟಿನ ಯೋಜನೆಯ ಭಾಗವೇ. ಒಂದೇ ಟ್ರಸ್ಟು ಕೂಲಿಗೆ ಚಾಳು ಕಟ್ಟಿತು, ಗುಮಾಸ್ತರಿಗೆ ಕಾಲೊನಿ ಬಿಡಿಸಿತು. ಬಾಬಾಸಾಹೇಬರು ಒಂದರಿಂದ ಇನ್ನೊಂದಕ್ಕೆ ನಡೆದರು. ಪುಸ್ತಕಗಳಿಗೆ ಜಾಗ ಬೇಕಿತ್ತು, ಅದಕ್ಕೇ ಮನೆ. ಕೇರಿ ಬಿಟ್ಟರು ಅಂತ ಯಾರಾದರೂ ಅವರನ್ನು ಬೈದಾರೆ? ಬರೋಡದಲ್ಲಿ ಬೇರೆ ಹೆಸರು ಹೇಳಬೇಕಾಗಿ ಬಂದಿತ್ತು. ಹಿಂದೂ ಕಾಲೊನಿಯ ಬಾಗಿಲಲ್ಲಿ ಅವರದೇ ಹೆಸರಿತ್ತು, ಹಳ್ಳಿಗಳಿಂದ ಬಂದ ಜನ ಆ ಬಾಗಿಲಲ್ಲೇ ಒಳಗೆ ಹೋಗುತ್ತಿದ್ದರು. ಅದನ್ನು ಕಾಣುವ ಭಾಗ್ಯ ರಮಾಬಾಯಿಗೆ ಬಹಳ ದಿನ ಇರಲಿಲ್ಲ. 1935ರ ಮೇ 27ರಂದು ಅದೇ ಮನೆಯಲ್ಲಿ ತೀರಿಕೊಂಡರು.

ವಿಜಯನಗರಕ್ಕೆ ಹೋಗಬೇಕೋ ಕೆಸರೆಯಲ್ಲೇ ಇರಬೇಕೋ ಅನ್ನುವ ಜಗಳ ನಮ್ಮ ಮನೆಗಳಲ್ಲಿ ಇನ್ನೂ ಮುಗಿದಿಲ್ಲ. ಅಣ್ಣ ಒಂದು ಹೇಳುತ್ತಾನೆ, ಅವ್ವ ಇನ್ನೊಂದು. ಈ ನಡುವೆ ಕೆಸರೆಯಲ್ಲಿ ಹೊಸದೊಂದು ನಡೆಯುತ್ತಿದೆ. 20ಕ್ಕೆ 30ರ ಸೈಟಿನಲ್ಲಿ ಹೇಗೋ ಒಂದು ಮನೆ ಕಟ್ಟಿಕೊಂಡ ನಮ್ಮವರು ಮಹಡಿ ಮೇಲೆ ಒಂದು ಕೋಣೆ ಎತ್ತಿ ಬಾಡಿಗೆಗೆ ಬಿಡುತ್ತಿದ್ದಾರೆ. ಮನೆ ಹುಡುಕಿಕೊಂಡು ಅಲೆದವರೇ ಈಗ ಓನರುಗಳು. ಪೌರಕಾರ್ಮಿಕರ ಒಂದು ಸಂಸಾರ ಬಂದು ಕೇಳಿದಾಗ ಅಂಥ ಒಬ್ಬ ಓನರು, ನಮ್ಮ ಜಾತಿಯವನೇ, ‘ಯಾವ ಊರು? ಊರಲ್ಲಿ ಯಾವ ಕಡೆ?’ ಅಂತ ಶುರು ಮಾಡಿದ. ಅವನ ಹೆಂಡತಿ ಒಳಗಿಂದ ಬಂದು, ನೀರು ದಿನ ಬಿಟ್ಟು ದಿನ ಬತ್ತದೆ, ಕರೆಂಟ್ ಬಿಲ್ಲು ನಿಮ್ದು, ಹಿಂದ್ಗಡೆ ಕೋಳಿ ಸಾಕಬೌದು ಅಂತ ಹೇಳಿ ಕೀ ಕೊಟ್ಟಳು.