ಎಕ್ಸ್‌ಎಂಎಲ್ ಕಲಿಕೆ: ಆರಂಭಿಕರು ಪುಸ್ತಕಗಳನ್ನು ಬಳಸುವ ಕ್ರಮ

ಪೀಠಿಕೆ

ಎಕ್ಸ್‌ಎಂಎಲ್ ಎಂಬುದು ಮಾಹಿತಿಯ ಪ್ರತಿಯೊಂದು ಭಾಗಕ್ಕೂ ಹೆಸರಿಟ್ಟು, ಅದನ್ನು ಸಾದಾ ಪಠ್ಯರೂಪದಲ್ಲಿ ಬರೆದಿಡುವ ಗುರುತುಭಾಷೆಯಾಗಿದೆ. 1986ರ ಎಸ್‌ಜಿಎಂಎಲ್ ಮಾನಕವನ್ನು ಸರಳಗೊಳಿಸಿ ರೂಪಿಸಲಾದ ಇದರ 1.0 ಆವೃತ್ತಿಯನ್ನು ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಸಂಸ್ಥೆಯು 1998ರ ಫೆಬ್ರವರಿ 10ರಂದು ಪ್ರಕಟಿಸಿತು. ಲಿಬ್ರೆಆಫೀಸ್ ಮತ್ತು ಮೈಕ್ರೋಸಾಫ್ಟ್ ವರ್ಡ್‌ನ ಇಂದಿನ ಕಡತಗಳ ಒಳರಚನೆಯು ಎಕ್ಸ್‌ಎಂಎಲ್ ಆಗಿರುತ್ತದೆ. ಭಾರತದಲ್ಲಿ ನಿಗದಿತ ವರ್ಗದ ಕಂಪನಿಗಳು 2011ರಿಂದ ತಮ್ಮ ಹಣಕಾಸು ವಿವರಗಳನ್ನು ಸಲ್ಲಿಸುತ್ತಿರುವ ಎಕ್ಸ್‌ಬಿಆರ್‌ಎಲ್ ನಮೂನೆಯೂ ಇದನ್ನೇ ಆಧರಿಸಿದೆ.

ಹಳೆಯ ಪುಸ್ತಕಗಳ ಉಪಯುಕ್ತತೆ

ಆರಂಭಿಕರಿಗೆ ಗ್ರಂಥಾಲಯಗಳಲ್ಲಿಯೂ ಹಳೆಯ ಪುಸ್ತಕದ ಅಂಗಡಿಗಳಲ್ಲಿಯೂ ದೊರೆಯುವ ಕೃತಿಗಳಲ್ಲಿ ಅನೇಕವು 1999ರಿಂದ 2005ರ ಅವಧಿಯವು. ಎಲಿಯಟ್ ರಸ್ಟಿ ಹೆರಾಲ್ಡ್ ಅವರ ಎಕ್ಸ್‌ಎಂಎಲ್ ಬೈಬಲ್ (1999) ಹಾಗೂ ಎರಿಕ್ ಟಿ. ರೇ ಅವರ ಲರ್ನಿಂಗ್ ಎಕ್ಸ್‌ಎಂಎಲ್ (2001) ಇದಕ್ಕೆ ನಿದರ್ಶನಗಳು. ಇಂತಹ ಪುಸ್ತಕದ ಅಭ್ಯಾಸವೊಂದು ಇಂದಿನ ಗಣಕಯಂತ್ರದಲ್ಲಿ ನಡೆಯದಿದ್ದಾಗ, ತಪ್ಪು ತನ್ನದೇ ಎಂದು ಭಾವಿಸಿ ಕಲಿಕೆಯನ್ನು ಕೈಬಿಡುವ ಸಂಭವವಿರುತ್ತದೆ. ಆದುದರಿಂದ ಪುಸ್ತಕದ ಯಾವ ಭಾಗ ಇಂದಿಗೂ ಸಲ್ಲುತ್ತದೆ ಎಂಬುದನ್ನು ಮೊದಲೇ ತಿಳಿದಿರುವುದು ಅವಶ್ಯಕ.

ಅ) ಇಂದಿಗೂ ಸಲ್ಲುವ ಭಾಗ: ಬರವಣಿಗೆಯ ಮೂಲ ನಿಯಮಗಳು. 1.0 ಆವೃತ್ತಿಯು 2008ರಲ್ಲಿ ಐದನೆಯ ಪರಿಷ್ಕರಣೆ ಕಂಡಿದ್ದರೂ ಈ ನಿಯಮಗಳು ಬದಲಾಗಿಲ್ಲ.

ಆ) ಎಚ್ಚರಿಕೆಯಿಂದ ಓದಬೇಕಾದ ಭಾಗ: ದಾಖಲೆಯ ರಚನೆಯನ್ನು ನಿಗದಿಪಡಿಸುವ ವಿಧಾನ. ಎಕ್ಸ್‌ಎಂಎಲ್ ಸ್ಕೀಮಾ 2001ರ ಮೇ ತಿಂಗಳಿನಲ್ಲಿ ಅಂಗೀಕೃತವಾದ ಕಾರಣ, ಅದಕ್ಕೂ ಹಿಂದಿನ ಪುಸ್ತಕಗಳು ಮುಖ್ಯವಾಗಿ ಡಿಟಿಡಿ ವಿಧಾನವನ್ನೇ ವಿವರಿಸುತ್ತವೆ.

ಇ) ಬಿಡಬಹುದಾದ ಭಾಗ: ಇಂಟರ್ನೆಟ್ ಎಕ್ಸ್‌ಪ್ಲೋರರ್ 5 ಬ್ರೌಸರನ್ನು ಆಧರಿಸಿದ ಅಭ್ಯಾಸಗಳು. ಆ ಬ್ರೌಸರ್ 1999ರ ನವೆಂಬರ್‌ನಲ್ಲಿ ಅಂಗೀಕೃತವಾದ ಎಕ್ಸ್‌ಎಸ್‌ಎಲ್‌ಟಿಯ ಬದಲಿಗೆ ಅದರ ಕರಡು ರೂಪವನ್ನು ಅನುಸರಿಸುತ್ತಿತ್ತು. ಇಂಟರ್ನೆಟ್ ಎಕ್ಸ್‌ಪ್ಲೋರರನ್ನು ಮೈಕ್ರೋಸಾಫ್ಟ್ 2022ರ ಜೂನ್‌ನಲ್ಲಿ ನಿವೃತ್ತಿಗೊಳಿಸಿತು.

ಮೊದಲ ಅಭ್ಯಾಸ

ನೋಟ್‌ಪ್ಯಾಡ್‌ನಂತಹ ಯಾವುದೇ ಪಠ್ಯ ಸಂಪಾದಕ ತಂತ್ರಾಂಶ ಇದಕ್ಕೆ ಸಾಕಾಗುತ್ತದೆ. ಗುರುತುಗಳ ಹೆಸರುಗಳನ್ನು ಕನ್ನಡದಲ್ಲಿಯೇ ಇಡಲು ಅವಕಾಶವಿದೆ. ಉದಾಹರಣೆಗೆ:

<ಪುಸ್ತಕ ವರ್ಷ="1968">
  <ಶೀರ್ಷಿಕೆ>ಮೂಕಜ್ಜಿಯ ಕನಸುಗಳು</ಶೀರ್ಷಿಕೆ>
  <ಲೇಖಕ>ಕೆ. ಶಿವರಾಮ ಕಾರಂತ</ಲೇಖಕ>
</ಪುಸ್ತಕ>

ಪಾಲಿಸಬೇಕಾದ ನಿಯಮಗಳು:

1. ಇಡೀ ದಾಖಲೆಯನ್ನು ಒಳಗೊಳ್ಳುವ ಮೂಲ ಅಂಶ ಒಂದೇ ಇರತಕ್ಕದ್ದು. ಮೇಲಿನ ಉದಾಹರಣೆಯಲ್ಲಿ ಅದು ‘ಪುಸ್ತಕ’.
2. ತೆರೆದ ಪ್ರತಿ ಗುರುತನ್ನೂ ಮುಚ್ಚತಕ್ಕದ್ದು. ಕೊನೆಯಲ್ಲಿ ತೆರೆದದ್ದನ್ನು ಮೊದಲು ಮುಚ್ಚತಕ್ಕದ್ದು.
3. ‘ವರ್ಷ’ದಂತಹ ಗುಣಲಕ್ಷಣಗಳ ಬೆಲೆಯನ್ನು ಉದ್ಧರಣ ಚಿಹ್ನೆಗಳ ನಡುವೆ ಬರೆಯತಕ್ಕದ್ದು.
4. ಪಠ್ಯದೊಳಗೆ & ಮತ್ತು < ಚಿಹ್ನೆಗಳನ್ನು ನೇರವಾಗಿ ಬರೆಯದೆ, ಅವುಗಳಿಗೆ ನಿಗದಿಯಾದ ಸಂಕೇತಗಳನ್ನು ಬಳಸತಕ್ಕದ್ದು.

ಕಡತವನ್ನು ಬ್ರೌಸರ್‌ನಲ್ಲಿ ತೆರೆದಾಗ, ನಿಯಮ ಮೀರಿದ ಸಾಲಿನ ಸಂಖ್ಯೆಯೊಂದಿಗೆ ದೋಷಸೂಚನೆ ಸಾಮಾನ್ಯವಾಗಿ ಕಾಣಿಸುತ್ತದೆ. ಎಚ್‌ಟಿಎಂಎಲ್‌ನಲ್ಲಿ ಇಂತಹ ಸಣ್ಣ ಲೋಪಗಳನ್ನು ಬ್ರೌಸರ್ ಸರಿಪಡಿಸಿಕೊಳ್ಳುತ್ತದೆ. ಎಕ್ಸ್‌ಎಂಎಲ್‌ನಲ್ಲಿ ಆ ರಿಯಾಯಿತಿ ಇರುವುದಿಲ್ಲ. ನಿಯಮಗಳನ್ನು ಮನದಟ್ಟು ಮಾಡಿಕೊಳ್ಳಲು, ಒಂದೊಂದು ನಿಯಮವನ್ನು ಉದ್ದೇಶಪೂರ್ವಕವಾಗಿ ಮುರಿದು ಬರುವ ಸೂಚನೆಯನ್ನು ಗಮನಿಸುವುದು ಉತ್ತಮ ವಿಧಾನ.

ಕನ್ನಡ ಪಠ್ಯದ ಬಗ್ಗೆ ವಿಶೇಷ ಸೂಚನೆ

ಇಂಗ್ಲಿಷ್ ಉದಾಹರಣೆಗಳನ್ನೇ ಬಳಸುವ ಪುಸ್ತಕಗಳಲ್ಲಿ ಅಕ್ಷರ ಸಂಕೇತನದ ವಿಷಯ ಸಂಕ್ಷಿಪ್ತವಾಗಿರಬಹುದು. ಕನ್ನಡ ಬಳಕೆದಾರರಿಗೆ ಇದು ಬಹುಮುಖ್ಯ. ಯೂನಿಕೋಡ್ ಪೂರ್ವದ ಫಾಂಟ್‌ಗಳಲ್ಲಿ ಬೆರಳಚ್ಚು ಮಾಡಿದ ಪಠ್ಯವು ಪರದೆಯ ಮೇಲೆ ಕನ್ನಡವಾಗಿ ಕಂಡರೂ, ಕಡತದಲ್ಲಿ ಇತರ ಅಕ್ಷರಗಳ ಸಂಕೇತಗಳಾಗಿ ಉಳಿದಿರುತ್ತದೆ. ಆ ಫಾಂಟ್ ಇಲ್ಲದ ಗಣಕಯಂತ್ರದಲ್ಲಿ ಅದನ್ನು ಓದಲಾಗದು. ಅಂತಹ ಪಠ್ಯವನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಕಡತವನ್ನು ಯುಟಿಎಫ್-8 ಸಂಕೇತನದಲ್ಲಿ ಉಳಿಸತಕ್ಕದ್ದು. ಹೀಗೆ ಉಳಿಸಿದ ದಾಖಲೆಯನ್ನು, ಅದನ್ನು ಸಿದ್ಧಪಡಿಸಿದ ತಂತ್ರಾಂಶ ಬಳಕೆಯಿಂದ ಮರೆಯಾದ ನಂತರವೂ ಓದಲು ಸಾಧ್ಯವಾಗುತ್ತದೆ.

ಪುಸ್ತಕದ ಆಯ್ಕೆ

ಪುಸ್ತಕವನ್ನು ಆರಿಸುವಾಗ ಪ್ರಕಟಣೆಯ ವರ್ಷ, ಯೂನಿಕೋಡ್ ಕುರಿತ ಅಧ್ಯಾಯ ಹಾಗೂ ಅಭ್ಯಾಸಗಳಿಗೆ ಬೇಕಾದ ತಂತ್ರಾಂಶ ಇವುಗಳನ್ನು ಪರಿಶೀಲಿಸುವುದು ಸೂಕ್ತ. ಮೂಲ ನಿಯಮಗಳನ್ನು ಚೆನ್ನಾಗಿ ವಿವರಿಸುವ ಒಂದು ಹಳೆಯ ಪುಸ್ತಕ ಆರಂಭಕ್ಕೆ ಸಾಕು. ಸ್ಕೀಮಾ ಮತ್ತು ಎಕ್ಸ್‌ಎಸ್‌ಎಲ್‌ಟಿ ಅಧ್ಯಯನಕ್ಕೆ ನಂತರದ ಆವೃತ್ತಿಗಳನ್ನು ಅವಲಂಬಿಸಬಹುದಾಗಿದೆ.