ಉಪ್ಪಿನ ಅಯೋಡಿನ್ ಪರೀಕ್ಷೆ: ಸೋಡಿಯಂ ಥಯೋಸಲ್ಫೇಟ್ ದ್ರಾವಣದ ತಯಾರಿಕೆ ಮತ್ತು ಪ್ರಮಾಣೀಕರಣ
(ಸಾರ್ವಜನಿಕರ ಮಾಹಿತಿಗಾಗಿ)

ಅಯೋಡಿನ್ ಕೊರತೆಯಿಂದ ಉಂಟಾಗುವ ಗಳಗಂಡ ರೋಗವನ್ನು ತಡೆಗಟ್ಟಲು ಭಾರತ ಸರ್ಕಾರವು 1962ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ಅಯೋಡಿನ್‌ರಹಿತ ಉಪ್ಪನ್ನು ನೇರ ಮಾನವ ಬಳಕೆಗಾಗಿ ಮಾರುವುದರ ಮೇಲೆ 2006ರ ಮೇ 17ರಿಂದ ಜಾರಿಗೆ ಬಂದ ನಿಷೇಧವು 2011ರ ವಿನಿಯಮಗಳಲ್ಲಿಯೂ ಮುಂದುವರಿದಿದೆ. ಚಿಲ್ಲರೆ ಮಾರಾಟದ ಹಂತದಲ್ಲಿ ಉಪ್ಪಿನಲ್ಲಿರುವ ಅಯೋಡಿನ್ ಹತ್ತು ಲಕ್ಷಕ್ಕೆ 15 ಭಾಗಕ್ಕಿಂತ (15 ಪಿಪಿಎಂ) ಕಡಿಮೆ ಇರತಕ್ಕದ್ದಲ್ಲ.

ಈ ಮಿತಿಯನ್ನು ನಿರ್ಧರಿಸುವುದು ಪ್ರಯೋಗಾಲಯದ ಬ್ಯೂರೆಟ್ಟಿನಲ್ಲಿರುವ ಥಯೋಸಲ್ಫೇಟ್ ದ್ರಾವಣ. ಆದ್ದರಿಂದ ವಿಶ್ಲೇಷಣಾ ವರದಿಯನ್ನು ಪಡೆಯುವವರು ಅದರ ಹಿಂದಿನ ಕ್ರಮವನ್ನು ತಿಳಿದಿರುವುದು ಸೂಕ್ತ.

ದ್ರಾವಣದ ತಯಾರಿಕೆ

0.005 ನಾರ್ಮಲ್ ದ್ರಾವಣಕ್ಕಾಗಿ 1.24 ಗ್ರಾಂ ಸೋಡಿಯಂ ಥಯೋಸಲ್ಫೇಟ್ ಹರಳುಗಳನ್ನು ಒಂದು ಲೀಟರ್ ಭಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಲಾಗುತ್ತದೆ. ನೀರನ್ನು ಮೊದಲೇ ಕುದಿಸಿ ಆರಿಸಿರಬೇಕು. ನೀರಿನಲ್ಲಿ ಕರಗಿರುವ ಇಂಗಾಲದ ಡೈ ಆಕ್ಸೈಡ್ ಮತ್ತು ಸೂಕ್ಷ್ಮಜೀವಿಗಳು ಥಯೋಸಲ್ಫೇಟನ್ನು ವಿಘಟಿಸಿ ಗಂಧಕವನ್ನು ಬೇರ್ಪಡಿಸುತ್ತವೆ. ಸುಮಾರು 0.1 ಗ್ರಾಂ ಸೋಡಿಯಂ ಕಾರ್ಬೊನೇಟ್ ಸೇರಿಸುವುದರಿಂದ ದ್ರಾವಣವು ಹೆಚ್ಚು ಕಾಲ ಸ್ಥಿರವಾಗಿರುತ್ತದೆ. ದ್ರಾವಣವನ್ನು ಕಂದು ಬಣ್ಣದ ಬಾಟಲಿಯಲ್ಲಿಟ್ಟು, ಕನಿಷ್ಠ ಒಂದು ದಿನ ಬಿಟ್ಟು ಪ್ರಮಾಣೀಕರಿಸುವುದು ಉತ್ತಮ. ಮಬ್ಬಾದ ದ್ರಾವಣವನ್ನು ಬಳಸತಕ್ಕದ್ದಲ್ಲ.

ಪ್ರಮಾಣೀಕರಣ

ಹರಳುಗಳಲ್ಲಿನ ನೀರಿನಂಶವು ಬದಲಾಗುವುದರಿಂದ, ತೂಕ ಮಾಡಿದ ಮಾತ್ರಕ್ಕೆ ದ್ರಾವಣದ ನಿಖರ ಸಾಮರ್ಥ್ಯ ತಿಳಿಯದು. ಚೀಟಿಯ ಮೇಲಿನ ಅಂಕಿಯನ್ನೇ ನಂಬಿ ಪರೀಕ್ಷೆ ನಡೆಸುವುದು ಮುದ್ರೆಯಿಲ್ಲದ ತೂಕದ ಕಲ್ಲಿನಿಂದ ವ್ಯಾಪಾರ ಮಾಡಿದಂತೆ. ಒಣಗಿಸಿದ ಶುದ್ಧ ಪೊಟ್ಯಾಸಿಯಂ ಅಯೋಡೇಟ್ 0.1783 ಗ್ರಾಂ ತೂಗಿ ಒಂದು ಲೀಟರಿಗೆ ಕರಗಿಸಿದರೆ 0.005 ನಾರ್ಮಲ್ ಪ್ರಮಾಣಿತ ದ್ರಾವಣ ದೊರೆಯುತ್ತದೆ. ಇದರ 25 ಮಿ.ಲೀ.ಗೆ ಪೊಟ್ಯಾಸಿಯಂ ಅಯೋಡೈಡ್ ಮತ್ತು ದುರ್ಬಲ ಸಲ್ಫ್ಯೂರಿಕ್ ಆಮ್ಲ ಸೇರಿಸಿದಾಗ ಬಿಡುಗಡೆಯಾಗುವ ಅಯೋಡಿನ್ನನ್ನು ಥಯೋಸಲ್ಫೇಟಿನಿಂದ ಅನುಮಾಪನ ಮಾಡಲಾಗುತ್ತದೆ. ಬಣ್ಣ ತಿಳಿ ಹಳದಿಗೆ ಬಂದ ನಂತರವೇ ಪಿಷ್ಟ ದ್ರಾವಣ ಸೇರಿಸಬೇಕು. ಮೊದಲೇ ಸೇರಿಸಿದಲ್ಲಿ ಪಿಷ್ಟವು ಅಯೋಡಿನ್ನನ್ನು ಹಿಡಿದಿಟ್ಟು ಅಂತ್ಯಬಿಂದು ತಪ್ಪುತ್ತದೆ. ನೀಲಿ ಬಣ್ಣ ಮಾಯವಾಗುವುದೇ ಅಂತ್ಯಬಿಂದು.

25 ಮಿ.ಲೀ. ಅಯೋಡೇಟಿಗೆ 27.8 ಮಿ.ಲೀ. ಥಯೋಸಲ್ಫೇಟ್ ವ್ಯಯವಾದರೆ ಅದರ ನೈಜ ಸಾಮರ್ಥ್ಯ 0.0045 ನಾರ್ಮಲ್ ಮಾತ್ರ.

ಉಪ್ಪಿನ ಪರೀಕ್ಷೆ

10 ಗ್ರಾಂ ಉಪ್ಪನ್ನು 50 ಮಿ.ಲೀ. ನೀರಿನಲ್ಲಿ ಕರಗಿಸಿ, 1 ಮಿ.ಲೀ. 2 ನಾರ್ಮಲ್ ಸಲ್ಫ್ಯೂರಿಕ್ ಆಮ್ಲ ಹಾಗೂ 5 ಮಿ.ಲೀ. ಶೇ. 10ರ ಪೊಟ್ಯಾಸಿಯಂ ಅಯೋಡೈಡ್ ಸೇರಿಸಿ, 10 ನಿಮಿಷ ಕತ್ತಲಲ್ಲಿಟ್ಟು ಮೇಲಿನಂತೆಯೇ ಅನುಮಾಪನ ಮಾಡಲಾಗುತ್ತದೆ. ದ್ರಾವಣವು ಸರಿಯಾಗಿ 0.005 ನಾರ್ಮಲ್ ಇದ್ದಲ್ಲಿ, ವ್ಯಯವಾದ ಮಿ.ಲೀ.ಗಳನ್ನು 10.58ರಿಂದ ಗುಣಿಸಿದರೆ ಅಯೋಡಿನ್ ಪಿಪಿಎಂನಲ್ಲಿ ದೊರೆಯುತ್ತದೆ.

1.5 ಮಿ.ಲೀ. ವ್ಯಯವಾದರೆ ಉತ್ತರ 15.87, ಉಪ್ಪು ಮಿತಿಯೊಳಗಿದೆ. ಆದರೆ ದ್ರಾವಣವು 0.0045ಕ್ಕೆ ಇಳಿದಿದ್ದರೆ ನಿಜವಾದ ಅಂಶ 14.28 ಮಾತ್ರ, ಕೊರತೆಯುಳ್ಳ ಉಪ್ಪು ಉತ್ತೀರ್ಣವಾಗಿ ಮನೆಗಳಿಗೆ ತಲುಪುತ್ತದೆ. ಮುಚ್ಚಳ ಸಡಿಲವಾಗಿ ನೀರು ಆವಿಯಾಗಿ ದ್ರಾವಣವು 0.0055ಕ್ಕೆ ಏರಿದ್ದರೆ, 1.4 ಮಿ.ಲೀ.ಗೆ 14.81 ಎಂದು ಲೆಕ್ಕ ಬರುತ್ತದೆ, ವಾಸ್ತವದಲ್ಲಿ 16.29 ಇರುವ ಉಪ್ಪಿಗೆ ಪ್ರಾಮಾಣಿಕ ಅಂಗಡಿಯವರು ಉತ್ತರ ಹೇಳಬೇಕಾಗುತ್ತದೆ. ಪ್ರಮಾಣೀಕರಣವನ್ನು ಆಗಿಂದಾಗ್ಗೆ ಪುನರಾವರ್ತಿಸುವುದು ಇದೇ ಕಾರಣಕ್ಕೆ.

ಅರ್ಜಿದಾರರ ಗಮನಕ್ಕೆ

ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ ಪ್ರಕರಣ 40ರ ಅನ್ವಯ ಯಾವುದೇ ಖರೀದಿದಾರರು ನಿಗದಿತ ಶುಲ್ಕ ಪಾವತಿಸಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಪರೀಕ್ಷೆಗೆ ಕಳುಹಿಸುವ ಉದ್ದೇಶವನ್ನು ಖರೀದಿಯ ಸಮಯದಲ್ಲೇ ಮಾರಾಟಗಾರರಿಗೆ ತಿಳಿಸಬೇಕು. ಇದನ್ನು ಮರೆಯುವವರೇ ಹೆಚ್ಚು. ಉಪ್ಪು ಕಾಯ್ದೆಗೆ ಅನುಗುಣವಾಗಿಲ್ಲವೆಂದು ವರದಿ ಬಂದಲ್ಲಿ ಶುಲ್ಕವನ್ನು ಹಿಂಪಡೆಯಲು ಅವಕಾಶವಿದೆ. ಮಾದರಿಯನ್ನು ತೆರೆಯದ ಪೊಟ್ಟಣದಲ್ಲಿಯೇ, ಬ್ಯಾಚ್ ಸಂಖ್ಯೆ ಅಳಿಸದಂತೆ, ತೇವ ತಗಲದಂತೆ ಸಲ್ಲಿಸುವುದು. ಮನೆಯಲ್ಲಿ ಹನಿ ಹಾಕಿ ನೋಡುವ ಪರೀಕ್ಷಾ ಕಿಟ್ ಅಯೋಡಿನ್ ಇದೆಯೇ ಎಂಬುದನ್ನು ಸ್ಥೂಲವಾಗಿ ತೋರಿಸುತ್ತದೆಯೇ ಹೊರತು 14 ಮತ್ತು 16ರ ನಡುವಿನ ವ್ಯತ್ಯಾಸವನ್ನು ತಿಳಿಸಲಾರದು.