ಪಾಠಶಾಲೆಯ ಹೊರಗಣ ಪಾಠ: ಪೂರ್ವಕಾಲದ ವಿದ್ಯಾರ್ಥಿ ಸಭೆಗಳು

ವಿದ್ಯೆಯು ಗುರುಮುಖದಿಂದ ಬರತಕ್ಕದ್ದು. ಆದರೆ ಕಿವಿಯಿಂದ ಒಳಹೊಕ್ಕ ವಿದ್ಯೆಯು ಬಾಯಿಂದ ಹೊರಹೊಮ್ಮಿ, ಸಹಪಾಠಿಗಳ ಪ್ರಶ್ನೆಯೆಂಬ ಒರೆಗಲ್ಲಿಗೆ ತಾಗಿದ ಹೊರತು ಸ್ವಂತದ್ದಾಗಲಾರದು. ಪೂರ್ವಿಕರು ಶಾಸ್ತ್ರಾಧ್ಯಯನದೊಡನೆ ವಾಕ್ಯಾರ್ಥವನ್ನು ಜೋಡಿಸಿದುದು ಈ ಕಾರಣದಿಂದಲೇ. ಇಂಗ್ಲಿಷ್ ವಿದ್ಯೆಯು ಭರತಖಂಡದಲ್ಲಿ ಬೇರೂರಿದಾಗಲೂ ಇದೇ ಅವಶ್ಯಕತೆಯು ಬೇರೊಂದು ರೂಪದಿಂದ ತಲೆದೋರಿತು. ತರಗತಿಯ ಗಂಟೆಯು ಬಾರಿಸಿದ ಮೇಲೆ ಬಾಲಕರು ತಾವಾಗಿಯೇ ಕಲೆತು ನಡೆಯಿಸಿದ ಸಭೆಗಳು ದೇಶದ ಚರಿತ್ರೆಯಲ್ಲಿ ಪಠ್ಯಪುಸ್ತಕಗಳಿಗಿಂತಲೂ ಆಳವಾದ ಗುರುತನ್ನು ಉಳಿಸಿರುವವು. ಅವುಗಳಲ್ಲಿ ಅತ್ಯಂತ ಪ್ರಸಿದ್ಧವಾದುದೂ, ಹಿರಿಯರಿಗೂ ಕಿರಿಯರಿಗೂ ಸಮಾನವಾಗಿ ಬುದ್ಧಿಯನ್ನು ಕಲಿಸತಕ್ಕದ್ದೂ ಆದ ವೃತ್ತಾಂತವು ಕಲಕತ್ತೆಯ ಹಿಂದೂ ಕಾಲೇಜಿನದು.

ಹೆಸರಿಗೆ ಕಾಲೇಜಾದರೂ ಇದು ಎಂಟು ಹತ್ತು ವರ್ಷದ ಬಾಲಕರಿಂದ ಮೊದಲುಗೊಂಡು ತರುಣರ ವರೆಗೆ ಕಲಿಯುತ್ತಿದ್ದ ಪಾಠಶಾಲೆಯಾಗಿದ್ದಿತು. ನಗರದ ಹಿಂದೂ ಶ್ರೀಮಂತರು ಧನವನ್ನು ಕೂಡಿಸಿ 1817ನೆಯ ಇಸವಿ ಜನವರಿ 20ರಂದು ಕೇವಲ 20 ವಿದ್ಯಾರ್ಥಿಗಳೊಡನೆ ಇದನ್ನು ತೆರೆದರು. ಗಡಿಯಾರದ ವ್ಯಾಪಾರಕ್ಕಾಗಿ ಬಂದು, ಆ ವೃತ್ತಿಯನ್ನು ಬಿಟ್ಟು, ಜನ್ಮವನ್ನೆಲ್ಲ ಬಂಗಾಲದ ಮಕ್ಕಳಿಗಾಗಿ ಸವೆಯಿಸಿದ ಡೇವಿಡ್ ಹೇರ್ ಎಂಬ ಸ್ಕಾಟ್ಲಂಡದ ಸಜ್ಜನನು ಇದರ ಏಳಿಗೆಗೆ ಬಹುವಾಗಿ ದುಡಿದನು. 1855ರಲ್ಲಿ ಈ ಸಂಸ್ಥೆಯು ಇಬ್ಭಾಗವಾಗಿ, ಮೇಲಿನ ತರಗತಿಗಳು ಪ್ರೆಸಿಡೆನ್ಸಿ ಕಾಲೇಜೆಂದೂ ಕೆಳಗಿನವು ಹಿಂದೂ ಸ್ಕೂಲೆಂದೂ ಹೆಸರಾದವು.

1826ರಲ್ಲಿ ಹೆನ್ರಿ ಲೂಯಿ ವಿವಿಯನ್ ಡಿರೋಜಿಯೋ ಎಂಬ ಹದಿನೇಳು ವರ್ಷದ ತರುಣನು ಇಲ್ಲಿ ಉಪಾಧ್ಯಾಯನಾಗಿ ಬಂದನು. ಕಲಕತ್ತೆಯಲ್ಲಿಯೇ ಹುಟ್ಟಿದ, ಪೋರ್ತುಗೀಸ ಮೂಲದ ಮಿಶ್ರವಂಶದವನಾದ ಈತನು ಭರತಭೂಮಿಯನ್ನೇ ತನ್ನ ತಾಯ್ನಾಡೆಂದು ಎಣಿಸಿ ಕವಿತೆಗಳನ್ನು ರಚಿಸಿದವನು. ವಯಸ್ಸಿನಲ್ಲಿ ಶಿಷ್ಯರಿಗೂ ಈತನಿಗೂ ಕೆಲವೇ ವರ್ಷಗಳ ಅಂತರವು. ತರಗತಿಯ ವೇಳೆಯು ಸಾಲದೆ ವಿದ್ಯಾರ್ಥಿಗಳು ಈತನ ಮನೆಗೆ ಬರಲಾರಂಭಿಸಿದರು. ಈ ಕೂಟವೇ 1828ರಲ್ಲಿ ‘ಅಕ್ಯಾಡೆಮಿಕ್ ಅಸೋಸಿಯೇಶನ್’ ಎಂಬ ಸಭೆಯಾಗಿ ರೂಪುಗೊಂಡು, ಮುಂದೆ ಮಾಣಿಕತಲೆಯ ಒಂದು ತೋಟದ ಮನೆಯಲ್ಲಿ ಸೇರತೊಡಗಿತು. ಡಿರೋಜಿಯೋ ಅಧ್ಯಕ್ಷನು. ದೈವವು ಹೆಚ್ಚೋ ಪುರುಷಪ್ರಯತ್ನವು ಹೆಚ್ಚೋ, ಧರ್ಮವೆಂದರೇನು, ದೇಶಭಕ್ತಿಯೆಂದರೇನು, ದೇವರ ಅಸ್ತಿತ್ವಕ್ಕೆ ಪ್ರಮಾಣವೇನು, ಇವೇ ಮೊದಲಾದ ವಿಷಯಗಳನ್ನು ಬಾಲಕರು ಎರಡು ಪಕ್ಷಗಳನ್ನೂ ಹಿಡಿದು ವಾದಿಸುತ್ತಿದ್ದರು. ಡೇವಿಡ್ ಹೇರನು ಬಂದು ಕುಳಿತು ಕೇಳುವನು. ಒಮ್ಮೊಮ್ಮೆ ಸರಕಾರದ ಉಚ್ಚಾಧಿಕಾರಿಗಳೂ ಬರುವರು.

ಆದರೆ ಹೊಸ ನೀರು ಹರಿದಲ್ಲಿ ಹಳೆಯ ದಂಡೆಯು ಕುಸಿಯುವದೆಂಬ ಭಯವು ಸ್ವಾಭಾವಿಕವು. ವಿದ್ಯಾರ್ಥಿಗಳು ‘ಪಾರ್ಥೆನಾನ್’ ಎಂಬ ಪತ್ರಿಕೆಯನ್ನು 1830ರಲ್ಲಿ ಹೊರಡಿಸಲು, ಅದು ಒಂದೇ ಸಂಚಿಕೆಗೆ ಅಧಿಕಾರಿಗಳ ಅಪ್ಪಣೆಯಿಂದ ನಿಂತುಹೋಯಿತು. ಮಕ್ಕಳು ಆಚಾರವನ್ನು ತೊರೆಯುತ್ತಿರುವರೆಂದು ತಂದೆತಾಯಿಗಳು ಕಳವಳಗೊಂಡರು. ಕೆಲವರು ಮಕ್ಕಳನ್ನು ಶಾಲೆಯಿಂದ ಬಿಡಿಸಿದರು. 1831ರ ಏಪ್ರಿಲ್ ತಿಂಗಳಲ್ಲಿ ಆಡಳಿತ ಮಂಡಲಿಯು ಸೇರಿತು. ಡಿರೋಜಿಯೋ ಉಪಾಧ್ಯಾಯತ್ವಕ್ಕೆ ಅಯೋಗ್ಯನೆಂದು ಸದಸ್ಯರಲ್ಲಿ ಹೆಚ್ಚಿನವರು ಒಪ್ಪಲಿಲ್ಲ. ಆದರೂ ಜನರ ಮನಸ್ಸು ಕದಡಿರುವಾಗ ಆತನನ್ನು ತೆಗೆಯುವದೇ ಯುಕ್ತವೆಂದು ನಿರ್ಣಯವಾಯಿತು. ಆತನನ್ನು ಕರೆದು ಒಂದು ಮಾತನ್ನೂ ಕೇಳಲಿಲ್ಲ. ತನ್ನ ಅಹವಾಲನ್ನು ಕೇಳದೆಯೇ ತೀರ್ಪನ್ನು ಕೊಟ್ಟರೆಂದು ಬರೆದು, ಏಪ್ರಿಲ್ 25ರಂದು ಆತನು ಕೆಲಸಕ್ಕೆ ರಾಜೀನಾಮೆಯನ್ನಿತ್ತನು.

ಇಲ್ಲಿ ಹಿರಿಯರ ಭಯವು ಕೇವಲ ನಿರಾಧಾರವಾಗಿದ್ದಿತೆಂದು ಹೇಳಿದರೆ ನ್ಯಾಯವಾಗದು. ಅದೇ ವರ್ಷದ ಆಗಸ್ಟ್ 23ರಂದು, ಈ ಬಳಗದ ಕೃಷ್ಣಮೋಹನ ಬ್ಯಾನರ್ಜಿಯು ಮನೆಯಲ್ಲಿಲ್ಲದ ವೇಳೆಯಲ್ಲಿ, ಆತನ ಮಿತ್ರರು ಅಲ್ಲಿ ನಿಷಿದ್ಧ ಮಾಂಸವನ್ನು ತಿಂದು, ಉಳಿದುದನ್ನು ನೆರೆಯ ಗೃಹಸ್ಥನ ಮನೆಯೊಳಕ್ಕೆ ಎಸೆದರು. ಊರೇ ಹೊತ್ತಿ ಉರಿದಂತಾಯಿತು. ಕೃಷ್ಣಮೋಹನನು ಮನೆಯನ್ನೇ ಬಿಡಬೇಕಾಯಿತು. ವಿಚಾರಸ್ವಾತಂತ್ರ್ಯವೆಂಬುದು ನೆರೆಯವನ ಶ್ರದ್ಧೆಯನ್ನು ಅವಮಾನಿಸುವ ಹಕ್ಕಲ್ಲವೆಂಬುದು ಆ ಹುಡುಗರಿಗೆ ಇನ್ನೂ ತಿಳಿದಿರಲಿಲ್ಲ. ತಿಳಿಯಹೇಳಬಹುದಾಗಿದ್ದ ಗುರುವನ್ನು ನಾಲ್ಕು ತಿಂಗಳ ಹಿಂದೆಯೇ ಹೊರಗೆ ಕಳಿಸಿ ಆಗಿದ್ದಿತು. ಆ ಡಿಸೆಂಬರ್ 26ರಂದು ಡಿರೋಜಿಯೋ ವಾಂತಿಭೇದಿಯ ಬೇನೆಯಿಂದ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡನು.

ಸಭೆಯು ಮಾತ್ರ ಸಾಯಲಿಲ್ಲ. ಡೇವಿಡ್ ಹೇರನು ಅಧ್ಯಕ್ಷಸ್ಥಾನವನ್ನು ವಹಿಸಿದನು. ಎಲ್ಲರೂ ದೂರಿದ ಮಕ್ಕಳ ನಡುವೆ ಹೋಗಿ ಕುಳಿತುಕೊಳ್ಳುವದಕ್ಕೆ ಎಂತಹ ವಾತ್ಸಲ್ಯವು ಬೇಕೆಂಬುದನ್ನು ವಾಚಕರೇ ಊಹಿಸಬಹುದು. ಮುಂದೆ 1838ರಲ್ಲಿ ಈ ಬಳಗದ ಹಳೆಯ ವಿದ್ಯಾರ್ಥಿಗಳೇ ಕೂಡಿ, ತಾರಾಚಾಂದ ಚಕ್ರವರ್ತಿಯ ಅಧ್ಯಕ್ಷತೆಯಲ್ಲಿ, ಸಾಮಾನ್ಯ ಜ್ಞಾನಾರ್ಜನೆಗಾಗಿ ಮತ್ತೊಂದು ಸಭೆಯನ್ನು ಸ್ಥಾಪಿಸಿದರು. ಇಲ್ಲಿ ಬರಿಯ ವಾಗ್ವಾದಕ್ಕೆ ಬದಲಾಗಿ, ಅಭ್ಯಾಸಮಾಡಿ ಬರೆದ ಪ್ರಬಂಧಗಳನ್ನು ಓದುವ ನಿಯಮವಿದ್ದಿತು. ಬಾಲ್ಯದ ಆವೇಶವು ಕಳೆದು ಬುದ್ಧಿಯು ಹದಗೊಂಡುದಕ್ಕೆ ಇದು ಸಾಕ್ಷಿ. ಮಹೇಶಚಂದ್ರ ದೇವನು ಹಿಂದೂ ಸ್ತ್ರೀಯರ ದುಃಸ್ಥಿತಿಯನ್ನು ಕುರಿತು ಬರೆದನು. ಉದಯಚಂದ್ರ ಆಢ್ಯನು ಬಂಗಾಲಿ ಭಾಷೆಯ ವ್ಯಾಸಂಗವು ಏಕೆ ಬೇಕೆಂಬುದನ್ನು ಬಂಗಾಲಿಯಲ್ಲಿಯೇ ಪ್ರತಿಪಾದಿಸಿದನು. ಆಯ್ದ ಪ್ರಬಂಧಗಳು ಮೂರು ಸಂಪುಟಗಳಾಗಿ ಅಚ್ಚಾದವು.

1843ನೆಯ ಫೆಬ್ರವರಿ 8ರ ಸಭೆಯು ವಿಶೇಷವಾಗಿ ಸ್ಮರಣೀಯವು. ಅಂದು ದಕ್ಷಿಣಾರಂಜನ ಮುಖರ್ಜಿಯು ಕಂಪನಿ ಸರಕಾರದ ನ್ಯಾಯಾಲಯಗಳ ಮತ್ತು ಪೋಲೀಸರ ದೋಷಗಳನ್ನು ಕುರಿತು ಓದುತ್ತಿದ್ದನು. ಕಾಲೇಜಿನ ಮುಖ್ಯಾಧ್ಯಾಪಕನಾದ ಕ್ಯಾಪ್ಟನ್ ರಿಚರ್ಡ್‌ಸನ್ನನು ನಡುವೆಯೇ ಎದ್ದು, ಈ ಸಭಾಗೃಹವು ರಾಜದ್ರೋಹದ ಗವಿಯಾಗಲು ತಾನು ಬಿಡಲಾರೆನೆಂದು ತಡೆದನು. ತಾರಾಚಾಂದನು ಅಧ್ಯಕ್ಷಪೀಠದಿಂದ ಶಾಂತವಾಗಿ, ಆದರೆ ಕದಲದೆ ಉತ್ತರವಿತ್ತನು: ರಿಚರ್ಡ್‌ಸನ್ನನು ಇಲ್ಲಿ ಅತಿಥಿ ಮಾತ್ರನು, ಸಭಿಕರ ವಾಕ್ಯಕ್ಕೆ ಅಡ್ಡಬರುವ ಅಧಿಕಾರವು ಆತನಿಗಿಲ್ಲ, ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು. ಆಮೇಲೆ ಸಭೆಯು ಆ ಗೃಹವನ್ನು ಬಿಟ್ಟು ಬೇರೆ ಕಡೆಗೆ ಸಾಗಿತು. ಹನ್ನೆರಡು ವರ್ಷಗಳ ಹಿಂದೆ ನೆರೆಮನೆಗೆ ಮಾಂಸವನ್ನೆಸೆದ ಬಳಗಕ್ಕೂ, ಈಗ ಮರ್ಯಾದೆಯನ್ನು ಮೀರದೆ ಸತ್ಯವನ್ನು ಬಿಟ್ಟುಕೊಡದೆ ನಿಂತ ಬಳಗಕ್ಕೂ ಎಷ್ಟು ಅಂತರವು! ಆ ಅಂತರವನ್ನು ದಾಟಿಸಿದುದು ಸಭೆಯ ಶಿಕ್ಷಣವೇ ಹೊರತು ದಂಡನೆಯಲ್ಲ.

ಈ ಬಾಲಕರು ಮುಂದೆ ಏನಾದರೆಂಬುದನ್ನೂ ನೋಡಬೇಕು. ರಾಧಾನಾಥ ಸಿಕದಾರನು ಸರ್ವೇ ಇಲಾಖೆಯನ್ನು ಸೇರಿ, ಹಿಮಾಲಯದ ಶಿಖರವೊಂದು ಜಗತ್ತಿನಲ್ಲಿಯೇ ಅತ್ಯುನ್ನತವೆಂದು ಕಂಡುಹಿಡಿದ ಗಣಿತದಲ್ಲಿ ಪ್ರಮುಖ ಪಾತ್ರವನ್ನು ವಹಿಸಿದನು. ರಾಮತನು ಲಾಹಿರಿಯು ಆದರ್ಶ ಉಪಾಧ್ಯಾಯನೆಂದು ಪೂಜ್ಯನಾದನು. ಶಿವಚಂದ್ರ ದೇವನು ತನ್ನ ಊರಾದ ಕೊನ್ನಗರದಲ್ಲಿ ಬಾಲಕಿಯರಿಗಾಗಿ ಶಾಲೆಯನ್ನು ತೆರೆದನು. ಪ್ಯಾರೀಚಾಂದ ಮಿತ್ರನೂ ರಾಧಾನಾಥನೂ ಕೂಡಿ 1854ರಲ್ಲಿ ಹೆಂಗಸರಿಗೂ ತಿಳಿಯುವ ಸುಲಭ ಬಂಗಾಲಿಯಲ್ಲಿ ಮಾಸಪತ್ರಿಕೆಯನ್ನು ಹೊರಡಿಸಿದರು. ಇಂಗ್ಲಿಷಿನಲ್ಲಿ ಗರ್ಜಿಸಿದವರು ಕಡೆಗೆ ತಾಯ್ನುಡಿಯ ಅಂಗಳಕ್ಕೆ ಮರಳಿದರು.

ಮುಂಬಯಿಯಲ್ಲಿ ಇದೇ ಬೀಜವು ಬೇರೊಂದು ರೀತಿಯಿಂದ ಮೊಳೆಯಿತು. ಎಲ್ಫಿನ್‌ಸ್ಟನ್ ಸಂಸ್ಥೆಯ ವಿದ್ಯಾರ್ಥಿಗಳು 1848ರ ಜೂನ್ ತಿಂಗಳಲ್ಲಿ ಸ್ಥಾಪಿಸಿದ ಸಾಹಿತ್ಯ ಮತ್ತು ವಿಜ್ಞಾನ ಸಭೆಗೆ ಅಲ್ಲಿಯ ಅಧ್ಯಾಪಕನಾದ ಪ್ಯಾಟನ್ನನೇ ಬೆಂಬಲವಾಗಿ ನಿಂತು ಮೊದಲ ಅಧ್ಯಕ್ಷನಾದನು. ಮರಾಠಿ, ಗುಜರಾತಿ ಭಾಷೆಗಳಲ್ಲಿ ಉಪನ್ಯಾಸಗಳಿಗಾಗಿ ಶಾಖೆಗಳಾದವು. ಸ್ತ್ರೀವಿದ್ಯೆಯ ವಿಷಯವಾಗಿ ಸಭೆಯಲ್ಲಿ ಆಡಿದ ಮಾತು ಮಾತಾಗಿಯೇ ಉಳಿಯಲಿಲ್ಲ. 1849ರಲ್ಲಿ ಸದಸ್ಯರು ಬಾಲಿಕಾಪಾಠಶಾಲೆಗಳನ್ನು ತೆರೆದು, ಬೆಳಗಿನ ಹೊತ್ತು ಸಂಬಳವಿಲ್ಲದೆ ತಾವೇ ಪಾಠವನ್ನು ಹೇಳಿದರು. ದಾದಾಭಾಯಿ ನವರೋಜಿಯೂ ಅವರಲ್ಲೊಬ್ಬನು. ಸಂಪ್ರದಾಯಸ್ಥರ ವಿರೋಧವಿದ್ದರೂ ಜಗನ್ನಾಥ ಶಂಕರಶೇಟನಂತಹ ಹಿರಿಯರು ಆಶ್ರಯವಿತ್ತರು. ಕಲಕತ್ತೆಯಲ್ಲಿ ಹಿರಿಯರು ದೂರ ಸರಿದುದರಿಂದ ಬಹುಕಾಲ ಕಲಹದಲ್ಲಿ ವ್ಯಯವಾದ ಶಕ್ತಿಯು, ಮುಂಬಯಿಯಲ್ಲಿ ಹಿರಿಯರು ಹತ್ತಿರ ನಿಂತುದರಿಂದ ಒಂದೇ ವರ್ಷದಲ್ಲಿ ಸೇವೆಯಾಗಿ ಫಲಿಸಿತು.

ಕನ್ನಡ ನಾಡಿನಲ್ಲಿಯೂ ಇದಕ್ಕೆ ದೃಷ್ಟಾಂತವುಂಟು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳು ವಿದ್ಯಾರ್ಥಿಗಳನ್ನು ಕೂಡಿಸಿ ಕಟ್ಟಿದ ಕರ್ಣಾಟಕ ಸಂಘದಿಂದ 1919ರಲ್ಲಿ ‘ಪ್ರಬುದ್ಧ ಕರ್ಣಾಟಕ’ ಪತ್ರಿಕೆಯು ಹುಟ್ಟಿ, ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಆಸರೆಯಲ್ಲಿ ಬೆಳೆದು ಹೊಸಗನ್ನಡ ಸಾಹಿತ್ಯಕ್ಕೆ ಹಿರಿದಾದ ಉಪಕಾರವನ್ನು ಮಾಡಿತು. ಅಲ್ಲಿ ಗುರುವು ಸಂಘವನ್ನು ಆಳಲಿಲ್ಲ, ಅಗಲಲೂ ಇಲ್ಲ; ಜೊತೆಯಲ್ಲಿ ದುಡಿದನು.

ಈ ಮೂರು ವೃತ್ತಾಂತಗಳನ್ನು ಕೂಡಿಸಿ ನೋಡಿದರೆ ತತ್ತ್ವವೊಂದು ಸ್ಪಷ್ಟವಾಗುವದು. ಬಾಲಕರು ಪ್ರಶ್ನಿಸಿಯೇ ಪ್ರಶ್ನಿಸುವರು. ಹಿರಿಯರು ಬಾಗಿಲನ್ನು ಮುಚ್ಚಿದರೆ ಪ್ರಶ್ನೆಯು ಹಿತ್ತಿಲಿನಲ್ಲಿ ಕೆರಳುವದು. ಬಾಗಿಲನ್ನು ತೆರೆದು ಜೊತೆಯಲ್ಲಿ ಕುಳಿತರೆ ಅದೇ ಪ್ರಶ್ನೆಯು ಪಕ್ವವಾಗಿ ಲೋಕಹಿತಕ್ಕೆ ಸಲ್ಲುವದು. ಮಠಗಳ ಆಶ್ರಯದಲ್ಲಿ ಅನ್ನವಿದ್ಯೆಗಳನ್ನು ಪಡೆಯುವ ವಿದ್ಯಾರ್ಥಿಗಳು ಸಂಜೆ ಸಭೆಗೂಡಿ ಮಾತನಾಡುವಾಗ, ತಾವು ಆಡಿದುದನ್ನು ಮರುದಿನ ಬೆಳಿಗ್ಗೆ ಆಚರಿಸಿದ ಮುಂಬಯಿಯ ಆ ತರುಣರನ್ನು ನೆನೆಯಲಿ. ಅವರನ್ನು ಪೋಷಿಸುವ ಭಕ್ತಮಹಾಶಯರು, ನಿಂದಿತರಾದ ಮಕ್ಕಳ ನಡುವೆ ಕುಳಿತ ಡೇವಿಡ್ ಹೇರನ ಪೀಠವನ್ನು ನೆನೆಯಲಿ. ಆ ಪೀಠವು ಬರಿದಾಗದಿರುವ ವರೆಗೆ ಯಾವ ಸಭೆಯೂ ಹಾದಿಯನ್ನು ತಪ್ಪಲಾರದು.